ನಗುವಿನ ಎರಡು ಚಿತ್ರಗಳು ಮತ್ತು ವಸಡಿನ ಲೆಕ್ಕ

ಪತ್ರಿಕೆಯ ಪುರವಣಿಯಲ್ಲೋ, ಬಸ್ ನಿಲ್ದಾಣದ ಎದುರಿನ ಫಲಕದಲ್ಲೋ, ಈಚೆಗೆ ಮೊಬೈಲಿನ ಪರದೆಯ ಮೇಲೋ ನೀವು ಆ ಜೋಡಿ ಚಿತ್ರವನ್ನು ನೋಡಿಯೇ ಇರುತ್ತೀರಿ. ಎಡಗಡೆಯ ಚಿತ್ರದಲ್ಲಿ ಹಳದಿಗಟ್ಟಿದ, ಸಂದು ಬಿಟ್ಟ, ಒಂದೆರಡು ಕಡೆ ಮುಕ್ಕಾದ ಹಲ್ಲುಗಳು. ಬಲಗಡೆಯ ಚಿತ್ರದಲ್ಲಿ ಮಲ್ಲಿಗೆ ಮೊಗ್ಗು ಪೋಣಿಸಿದಂತಹ ದಂತಪಂಕ್ತಿ. ಒಂದರ ಕೆಳಗೆ ‘ಚಿಕಿತ್ಸೆಗೆ ಮುನ್ನ’, ಇನ್ನೊಂದರ ಕೆಳಗೆ ‘ಚಿಕಿತ್ಸೆಯ ನಂತರ’ ಎಂಬ ಬರಹ. ಕೆಲವೇ ದಿನಗಳಲ್ಲಿ ಹೊಸ ನಗು ಎಂಬ ಭರವಸೆಯೂ ಅಲ್ಲೇ ಇರುತ್ತದೆ.

ಪುಸ್ತಕವನ್ನು ವಿಮರ್ಶಿಸುತ್ತೇವೆ, ಸಿನಿಮಾವನ್ನು ವಿಮರ್ಶಿಸುತ್ತೇವೆ. ಈ ಜೋಡಿ ಚಿತ್ರವನ್ನೂ ಒಂದು ಪ್ರಯೋಗದ ವರದಿ ಎಂದು ಭಾವಿಸಿ ವಿಮರ್ಶಿಸಬಾರದೇಕೆ? ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ವಿದ್ಯಾರ್ಥಿ ಇಂತಹ ವರದಿ ಬರೆದು ತಂದರೆ ಅಧ್ಯಾಪಕರಾದ ನೀವು ಕೆಂಪು ಮಸಿಯಲ್ಲಿ ಏನೇನು ಬರೆಯುತ್ತೀರಿ? ಎರಡನೆಯ ವೀಕ್ಷಣೆ ಎಷ್ಟು ದಿನಗಳ ನಂತರದ್ದು? ಅಳೆದದ್ದು ಏನನ್ನು? ಅಳೆಯದೆ ಬಿಟ್ಟದ್ದು ಏನು? ಈ ಮೂರೂ ಪ್ರಶ್ನೆಗಳಿಗೆ ಆ ಚಿತ್ರಗಳಲ್ಲಿ ಉತ್ತರವಿಲ್ಲ. ಅವು ತೋರಿಸುವುದು ಹಲ್ಲಿನ ಮುಂಭಾಗದ ಬಣ್ಣ ಮತ್ತು ಆಕಾರವನ್ನು, ಅದೂ ಕೆಲಸ ಮುಗಿದ ದಿನದ್ದನ್ನು. ಆ ಹಲ್ಲುಗಳು ಹತ್ತು ವರ್ಷ ಬಾಯಲ್ಲಿ ಉಳಿಯುತ್ತವೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ವಸಡು. ಚಿತ್ರದಲ್ಲಿ ಅದಕ್ಕೆ ಗುಲಾಬಿ ಅಂಚಿನ ಪಾತ್ರ ಮಾತ್ರ.

ಈ ಆಕ್ಷೇಪಣೆಗೆ ಒಂದು ಮನೆಯ ಕಾರಣವೂ ಇದೆ. ನನ್ನ ತಂಗಿಯ ಮಗಳಿಗೆ ಮದುವೆ ಗೊತ್ತಾದಾಗ ಮುಹೂರ್ತಕ್ಕೆ ಮೂರೇ ವಾರ ಉಳಿದಿತ್ತು. ಜಿಲ್ಲಾ ಕೇಂದ್ರವೊಂದರ ದಂತ ಚಿಕಿತ್ಸಾಲಯದಲ್ಲಿ ಅವಳ ಮೇಲಿನ ಸಾಲಿನ ಆರು ಹಲ್ಲುಗಳಿಗೆ ಪಿಂಗಾಣಿಯ ತೆಳು ಹೊದಿಕೆ, ಅಂದರೆ ವೆನೀರ್, ಕೂರಿಸಿದರು. ಹಲ್ಲುಜ್ಜುವಾಗ ರಕ್ತ ಬರುತ್ತದೆ ಎಂದು ಅವಳು ಹೇಳಿದ್ದಳು. ‘ಅದು ಆಮೇಲೆ ನೋಡೋಣ’ ಎಂಬ ಉತ್ತರ ಬಂತು. ಮದುವೆಯ ಫೋಟೋಗಳು ಚೆನ್ನಾಗಿಯೇ ಬಂದವು. ವರ್ಷ ಕಳೆಯುವಷ್ಟರಲ್ಲಿ ಹೊದಿಕೆಯ ಮೇಲಂಚಿನಲ್ಲಿ ಕಂದು ಗೆರೆ ಕಾಣಿಸಿಕೊಂಡಿತು, ಬಾಯಿ ವಾಸನೆ ಶುರುವಾಯಿತು, ಎರಡು ಹಲ್ಲುಗಳ ನಡುವೆ ವಸಡು ಊದಿ ಮುಟ್ಟಿದರೆ ರಕ್ತ ಒಸರುವಂತಾಯಿತು. ಅವಳ ‘ಚಿಕಿತ್ಸೆಯ ನಂತರ’ದ ಚಿತ್ರ ಆ ಚಿಕಿತ್ಸಾಲಯದ ಗೋಡೆಯ ಮೇಲೆ ಇಂದಿಗೂ ಇದೆ. ಆ ಚಿತ್ರ ಸುಳ್ಳಲ್ಲ. ಅದನ್ನು ತೆಗೆದ ದಿನ ಅವಳ ಹಲ್ಲು ಹಾಗೆಯೇ ಇತ್ತು.

ತಪ್ಪು ಎಲ್ಲಾಯಿತು ಎಂಬುದನ್ನು ತಿಳಿಯಲು ನಾವು ಕಪ್ಪುಹಲಗೆಯ ಮೇಲೆ ಬರೆಯುವ ಹಲ್ಲಿನ ಸೀಳುನೋಟವನ್ನು ನೆನೆಯಿರಿ. ಎನಾಮಲ್, ಡೆಂಟೀನ್, ನಡುವೆ ದಂತಮಜ್ಜೆ. ಮೂರಕ್ಕೂ ಬಾಣ ಹಾಕಿ ಹೆಸರು ಬರೆಸುತ್ತೇವೆ. ಬಾಚಿ, ಕೋರೆ, ದವಡೆ ಎಂದು ವಿಂಗಡಿಸುತ್ತೇವೆ, ದಂತಸೂತ್ರ ಬಾಯಿಪಾಠ ಮಾಡಿಸುತ್ತೇವೆ, ಹುಳುಕಿನ ಬಗ್ಗೆ ಎರಡು ಮಾತು ಹೇಳುತ್ತೇವೆ. ಹಲ್ಲು ದವಡೆಯ ಮೂಳೆಯಲ್ಲಿ ನಿಂತಿರುವುದು ಹೇಗೆ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದೇ ಅಪರೂಪ. ಗೋಡೆಗೆ ಹೊಡೆದ ಮೊಳೆಯಂತೆ ನಿಂತಿದೆ ಎಂದೇ ಹೆಚ್ಚಿನ ಮಕ್ಕಳು ತಿಳಿದಿರುತ್ತಾರೆ. ನಿಜವಾಗಿ ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿ.ಮೀ. ದಪ್ಪದ ತಂತುಪದರವೊಂದಿದೆ. ಅದರ ಸಾವಿರಾರು ನಾರುಗಳ ಒಂದು ತುದಿ ಬೇರಿನ ಹೊರಪದರವಾದ ಸಿಮೆಂಟಮ್‌ನಲ್ಲಿ, ಇನ್ನೊಂದು ತುದಿ ದವಡೆಯ ಮೂಳೆಯಲ್ಲಿ ಹುದುಗಿರುತ್ತದೆ. ಹಲ್ಲು ಈ ನಾರುಗಳ ಜೋಲಿಯಲ್ಲಿ ತೂಗುಬಿದ್ದಿದೆ ಎನ್ನಬಹುದು. ಕಡಲೆ ಕಡಿದಾಗ ಬೀಳುವ ಒತ್ತಡವನ್ನು ಮೊದಲು ತಾಳಿಕೊಳ್ಳುವುದು ಈ ಜೋಲಿ. ಇದೆಲ್ಲಕ್ಕೂ ಮೇಲಿನಿಂದ ಮುಚ್ಚಳ ಹಾಕಿದಂತೆ ಹಲ್ಲಿನ ಕತ್ತನ್ನು ಬಿಗಿಯಾಗಿ ಸುತ್ತಿಕೊಂಡಿರುವುದೇ ವಸಡು.

ವಸಡಿನ ಅಂಚಿಗೂ ಹಲ್ಲಿಗೂ ನಡುವೆ ಸಣ್ಣದೊಂದು ಬಿರುಕು ಸಹಜವಾಗಿಯೇ ಇರುತ್ತದೆ. ಮಿಲಿಮೀಟರ್ ಗುರುತುಗಳಿರುವ, ತುದಿ ಮೊಂಡಾದ ತೆಳು ಸರಳೊಂದನ್ನು ಈ ಬಿರುಕಿಗೆ ಮೆಲ್ಲಗೆ ಇಳಿಸಿ ಆಳ ಅಳೆಯುತ್ತಾರೆ. ಉಪಕರಣದ ಹೆಸರು ಪೆರಿಯೊಡಾಂಟಲ್ ಪ್ರೋಬ್. ಬಳಸುವ ಬಲ 20ರಿಂದ 25 ಗ್ರಾಂ ತೂಕದಷ್ಟು, ಅಂದರೆ ಸುಮಾರು 0.2 ನ್ಯೂಟನ್. ಆರೋಗ್ಯವಂತ ವಸಡಿನಲ್ಲಿ ಅದು 1ರಿಂದ 3 ಮಿ.ಮೀ. ಇಳಿದು ನಿಲ್ಲುತ್ತದೆ, ರಕ್ತ ಬರುವುದಿಲ್ಲ. ನಾಲ್ಕು, ಐದು, ಆರು ಎಂದು ಇಳಿಯುತ್ತಾ ಹೋದರೆ ಅಲ್ಲಿ ಜೇಬು ಉಂಟಾಗಿದೆ ಎಂದು ಅನುಮಾನಿಸಬೇಕು. ಜೇಬಿನ ತಳದಲ್ಲಿ ನಾರುಗಳು ಕಡಿದುಹೋಗಿ ಮೂಳೆ ಕರಗತೊಡಗಿದ್ದರೆ ಅದೇ ಪೆರಿಯೊಡಾಂಟೈಟಿಸ್. ಪೂರ್ಣ ಪರೀಕ್ಷೆಯಲ್ಲಿ ಪ್ರತಿ ಹಲ್ಲಿನ ಸುತ್ತ ಆರು ಕಡೆ ಅಳೆಯಬೇಕು. 28 ಹಲ್ಲುಗಳಿಗೆ 168 ಸಂಖ್ಯೆಗಳು. 2017ರ ಅಂತರರಾಷ್ಟ್ರೀಯ ತಜ್ಞರ ಸಭೆ ಒಪ್ಪಿದ ಮಾನದಂಡದಂತೆ, ಮೂಳೆ ನಷ್ಟವಾಗದ ಬಾಯಿಯಲ್ಲಿ ಆಳ 3 ಮಿ.ಮೀ. ಮೀರದೆ, ರಕ್ತ ಒಸರುವ ಜಾಗಗಳು ಶೇ. 10ಕ್ಕಿಂತ ಕಡಿಮೆ ಇದ್ದರೆ ಅದನ್ನು ಆರೋಗ್ಯ ಎನ್ನಬಹುದು. ಜಾಹೀರಾತಿನ ಜೋಡಿ ಚಿತ್ರ ಈ 168ರಲ್ಲಿ ಒಂದನ್ನೂ ಹೇಳುವುದಿಲ್ಲ.

ಒಂದು ಸರಳ ಲೆಕ್ಕ ಮಾಡೋಣ. ಹಲ್ಲಿನ ಕತ್ತಿನ ಸುತ್ತಳತೆ ಸರಾಸರಿ 2 ಸೆಂ.ಮೀ. ಎಂದಿಟ್ಟುಕೊಳ್ಳಿ. ಎಲ್ಲ 28 ಹಲ್ಲುಗಳ ಸುತ್ತಲೂ 5 ಮಿ.ಮೀ. ಆಳದ ಜೇಬುಗಳಿವೆ ಎಂದೂ ಇಟ್ಟುಕೊಳ್ಳಿ. ಜೇಬುಗಳ ಒಳಗೋಡೆಯ ಒಟ್ಟು ವಿಸ್ತೀರ್ಣ 28 × 2 × 0.5, ಅಂದರೆ 28 ಚದರ ಸೆಂ.ಮೀ. ಇದು ಏಳು ಸೆಂ.ಮೀ. ಉದ್ದ, ನಾಲ್ಕು ಸೆಂ.ಮೀ. ಅಗಲದ ಪಟ್ಟಿ. ಅದರ ಮೇಲ್ಪದರ ಅಲ್ಲಲ್ಲಿ ಹರಿದು ಹುಣ್ಣಾಗಿರುತ್ತದೆ, ಬ್ಯಾಕ್ಟೀರಿಯಗಳು ಅದಕ್ಕೆ ಅಂಟಿಕೊಂಡೇ ಕುಳಿತಿರುತ್ತವೆ. ಎಲ್ಲ ಹಲ್ಲುಗಳಿಗೂ ಹೀಗಾಗುವುದು ತೀರಾ ಮುಂದುವರಿದ ಸ್ಥಿತಿಯಲ್ಲಿ ಮಾತ್ರ, ನಿಜ. ಆದರೂ ಅಂತಹ ಹುಣ್ಣು ಮುಂಗೈ ಮೇಲೆ ಎದ್ದಿದ್ದರೆ ಅದನ್ನು ಮುಚ್ಚಲು ಬಳೆ ಕೊಳ್ಳಲು ಯಾರೂ ಅಂಗಡಿಗೆ ಹೋಗುವುದಿಲ್ಲ.

ಈ ಬ್ಯಾಕ್ಟೀರಿಯಗಳು ಎಲ್ಲಿಂದಲೋ ಬಂದ ಶತ್ರುಗಳಲ್ಲ. ಉಜ್ಜಿದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಮತ್ತೆ ಕೂಡಿಕೊಳ್ಳುವ ಮೆತ್ತನೆಯ ಪದರ, ಪ್ಲಾಕ್, ಅವುಗಳ ಊರು. ಅದರ ಒಂದು ಮಿಲಿಗ್ರಾಮಿನಲ್ಲಿ ಹತ್ತು ಕೋಟಿಯಷ್ಟು ಬ್ಯಾಕ್ಟೀರಿಯಗಳಿರುತ್ತವೆ. ಬಿಟ್ಟರೆ ಅದರೊಳಗೆ ಜೊಲ್ಲಿನ ಕ್ಯಾಲ್ಸಿಯಂ ಲವಣಗಳು ಕೂಡಿ ಗಟ್ಟಿಯಾಗುತ್ತದೆ. ಜನರು ಪಾಚಿ ಕಟ್ಟಿದೆ ಎನ್ನುವುದು ಇದನ್ನೇ. ಪ್ಲಾಕಿಗೂ ವಸಡಿನ ಉರಿಯೂತಕ್ಕೂ ಇರುವ ಸಂಬಂಧವನ್ನು ಖಚಿತಪಡಿಸಿದ ಪ್ರಯೋಗ ಎಷ್ಟು ಸರಳವಾದುದೆಂದರೆ ಅದನ್ನು ವೈಜ್ಞಾನಿಕ ವಿಧಾನದ ಪಾಠಕ್ಕೇ ಉದಾಹರಣೆಯಾಗಿ ಬಳಸಬಹುದು. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ವಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳು. 10ರಿಂದ 21 ದಿನಗಳೊಳಗೆ ಪ್ರತಿಯೊಬ್ಬರ ವಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲರದೂ ಮೊದಲಿನಂತಾಯಿತು. ಫಲಿತಾಂಶ 1965ರಲ್ಲಿ ಪ್ರಕಟವಾಯಿತು. ಕಾರಣ ಸೇರಿಸಿದರೆ ಪರಿಣಾಮ ಬರಬೇಕು, ತೆಗೆದರೆ ಹೋಗಬೇಕು. ಎರಡನ್ನೂ ಒಂದೇ ಪ್ರಯೋಗ ತೋರಿಸಿತು. ನಮ್ಮ ವಿಷಯಕ್ಕೆ ಬೇಕಾದದ್ದು ಅದರ ಕಾಲಾವಧಿ. ಊದಿದ ವಸಡು ಇಳಿಯಲು ಬೇಕಾದದ್ದು ದಿನಗಳು, ವಾರಗಳು ಮಾತ್ರ. ಅಷ್ಟನ್ನೂ ಕಾಯುವ ತಾಳ್ಮೆ ಮದುವೆ ಮನೆಗೂ ಇಲ್ಲ, ಚಿಕಿತ್ಸಾಲಯಕ್ಕೂ ಇಲ್ಲ ಎನ್ನುವುದೇ ನನ್ನ ದೂರು.

ಇಲ್ಲಿ ನೀವು ಕೇಳಬಹುದು: ‘ನಮ್ಮ ಪಕ್ಕದ ಮನೆಯ ತಾತ ಬ್ರಷ್ಷನ್ನೇ ಮುಟ್ಟಿದವರಲ್ಲ, ಎಂಬತ್ತರಲ್ಲೂ ಚಕ್ಕುಲಿ ಕಡಿಯುತ್ತಾರಲ್ಲ?’ ಇದಕ್ಕೂ ಉತ್ತರವಿದೆ, ಅದು ನೆರೆಯ ಶ್ರೀಲಂಕಾದಿಂದ ಬಂದದ್ದು. ಅಲ್ಲಿನ ಚಹಾ ತೋಟಗಳ 480 ಕಾರ್ಮಿಕರನ್ನು ಇದೇ ಲೋ ಅವರ ತಂಡ 1970ರಿಂದ ಹದಿನೈದು ವರ್ಷ ಗಮನಿಸಿತು. ಇವರಿಗೆ ಹಲ್ಲು ಶುಚಿ ಮಾಡುವ ವಾಡಿಕೆಯೇ ಇರಲಿಲ್ಲ, ದಂತ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಎಲ್ಲರಿಗೂ ಪ್ಲಾಕ್ ಇತ್ತು, ವಸಡಿನ ಉರಿಯೂತವಿತ್ತು. ಆದರೆ ಶೇ. 8ರಷ್ಟು ಜನರಲ್ಲಿ ಹಲ್ಲಿನ ಆಧಾರ ಬಹಳ ವೇಗವಾಗಿ ನಾಶವಾಯಿತು, ಶೇ. 81ರಷ್ಟು ಜನರಲ್ಲಿ ಮಧ್ಯಮ ಗತಿಯಲ್ಲಿ, ಉಳಿದ ಶೇ. 11ರಷ್ಟು ಜನರಲ್ಲಿ ಉರಿಯೂತದಿಂದ ಮುಂದಕ್ಕೆ ಹೋಗಲೇ ಇಲ್ಲ. ಪಕ್ಕದ ಮನೆಯ ತಾತ ಈ ಹನ್ನೊಂದರ ಗುಂಪಿನವರು. ನೀವು ಯಾವ ಗುಂಪಿನವರು ಎಂಬುದನ್ನು ಹಲ್ಲಿನ ಬಣ್ಣ ನೋಡಿ ಹೇಳಲಾಗದು. ಅಳೆದೇ ತಿಳಿಯಬೇಕು. (ಈ ಅಧ್ಯಯನದ ನೈತಿಕತೆಯ ಬಗ್ಗೆ ಬೇರೆಯೇ ಲೇಖನ ಬರೆಯಬಹುದು. ಹದಿನೈದು ವರ್ಷ ಹಲ್ಲುಗಳು ಸಡಿಲವಾಗುವುದನ್ನು ನೋಡುತ್ತಾ ಕುಳಿತವರ ಸ್ಥಾನದಲ್ಲಿ ನಿಲ್ಲಲು ನನಗಂತೂ ಕಷ್ಟ.)

ಇನ್ನು ವಸಡನ್ನು ಮೊದಲು ಸರಿಪಡಿಸಬೇಕು ಎಂಬ ಕ್ರಮ ಏಕೆ? ಅಲಂಕಾರದ ಕೆಲಸ ಮುಗಿಸಿ ಆಮೇಲೆ ಪಾಚಿ ತೆಗೆಸಿದರೆ ಆಗದೆ? ಆಗದು. ವೆನೀರಿನ ಅಂಚು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಗುರುತು ವಸಡಿನ ಅಂಚೇ. ಊದಿಕೊಂಡ ವಸಡು ಹಲ್ಲಿನ ಮೇಲೆ ಒಂದೆರಡು ಮಿ.ಮೀ. ಏರಿ ಕುಳಿತಿರುತ್ತದೆ. ಅದನ್ನೇ ಗಡಿ ಎಂದುಕೊಂಡು ಹೊದಿಕೆ ಕೂರಿಸಿದರೆ ಮುಂದೊಮ್ಮೆ ಊತ ಇಳಿದಾಗ ವಸಡು ಹಿಂದಕ್ಕೆ ಸರಿದು ಅಂಚು ಬಯಲಾಗುತ್ತದೆ. ಮಳೆಗಾಲದಲ್ಲಿ ಕೆರೆಯ ನೀರಿನ ಮಟ್ಟ ನೋಡಿ ಮೆಟ್ಟಿಲು ಕಟ್ಟಿದ ಹಾಗೆ. ಊತ ಇಳಿಯದಿದ್ದರೆ ಇನ್ನೂ ಕೆಟ್ಟದ್ದು: ಅಂಚು ವಸಡಿನ ಒಳಗೆ ಅಡಗಿ, ಅಲ್ಲಿ ಬ್ರಷ್ಷು ತಲಪದೆ ಪ್ಲಾಕಿಗೆ ಕಾಯಂ ವಸತಿಯಾಗುತ್ತದೆ.

ಅಂಟಿನ ವಿಷಯವೂ ಇದೆ. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎಂಬುವರು ಎನಾಮಲಿಗೆ ಫಾಸ್ಫಾರಿಕ್ ಆಮ್ಲ ಸವರಿದರೆ ಅದರ ಮೇಲೆ ರಾಳ ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದರು. ಆಮ್ಲ ಕೊರೆದ ಸೂಕ್ಷ್ಮ ಕುಳಿಗಳೊಳಗೆ ರಾಳ ಇಳಿದು ಗಟ್ಟಿಯಾಗುವುದೇ ಇದರ ಗುಟ್ಟು. ಇಂದಿನ ವೆನೀರ್‌ಗಳೆಲ್ಲ ಅದೇ ತತ್ತ್ವದ ಮೇಲೆ ನಿಂತಿವೆ. ಕುಳಿಗಳಿಗೆ ರಕ್ತವೋ, ಉರಿಯೂತವಿರುವ ವಸಡಿನಿಂದ ಸದಾ ಒಸರುವ ದ್ರವವೋ ಮೊದಲೇ ತುಂಬಿದರೆ ರಾಳಕ್ಕೆ ಜಾಗವೆಲ್ಲಿ? ಒದ್ದೆ ಗೋಡೆಗೆ ಸುಣ್ಣ ಬಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಗಡಿ ಕಣ್ಣಿಗೆ ಕಾಣುವುದೇ ಇಲ್ಲ. ಬಿರುಕಿನ ತಳದಿಂದ ಮೂಳೆಯ ಅಂಚಿನವರೆಗೆ ವಸಡು ಹಲ್ಲಿಗೆ ಅಂಟಿಕೊಂಡಿರುವ ಪಟ್ಟಿಯೊಂದಿದೆ. 1961ರಲ್ಲಿ ಗಾರ್ಜಿಯುಲೊ ಮತ್ತು ಸಂಗಡಿಗರು ಮೃತದೇಹಗಳ ದವಡೆಗಳಲ್ಲಿ ಅಳೆದಾಗ ಇದರ ಸರಾಸರಿ ಅಗಲ 2.04 ಮಿ.ಮೀ. ಬಂತು. ವ್ಯಕ್ತಿಯಿಂದ ವ್ಯಕ್ತಿಗೆ, ಹಲ್ಲಿನಿಂದ ಹಲ್ಲಿಗೆ ಇದು ಬದಲಾಗುತ್ತದೆ. ಕೃತಕ ಹೊದಿಕೆಯ ಅಂಚು ಈ ಪಟ್ಟಿಯೊಳಗೆ ನುಗ್ಗಿದರೆ ಅಂಗಾಂಶ ಸುಮ್ಮನಿರುವುದಿಲ್ಲ. ಅಲ್ಲಿ ಉರಿಯೂತ ನಿಲ್ಲದೆ ಉಳಿಯಬಹುದು, ಇಲ್ಲವೆ ಮೂಳೆಯೂ ವಸಡೂ ಹಿಂದಕ್ಕೆ ಸರಿಯಬಹುದು. ನನ್ನ ಸೋದರ ಸೊಸೆಯ ಎರಡು ಹಲ್ಲುಗಳ ನಡುವೆ ಆದದ್ದು ಇದೇ ಎಂದು ಆಮೇಲೆ ನೋಡಿದ ವಸಡಿನ ತಜ್ಞರು ವಿವರಿಸಿದರು.

ಹಲ್ಲುಗಳ ನಡುವೆ ವಸಡು ಮುಕ್ಕೋನವಾಗಿ ಮೇಲೆದ್ದಿರುತ್ತದಲ್ಲ, ಅದರ ಬಗ್ಗೆ 1992ರಲ್ಲಿ ಅಮೆರಿಕದ ಡೆನಿಸ್ ಟಾರ್ನೋ ಮತ್ತು ಸಂಗಡಿಗರು ಪ್ರಕಟಿಸಿದ ಅಂಕಿಗಳು ನನಗೆ ಬಹಳ ಇಷ್ಟ. ಎರಡು ಹಲ್ಲುಗಳು ಪರಸ್ಪರ ತಾಗುವ ಬಿಂದುವಿನಿಂದ ಮೂಳೆಯ ಅಂಚಿನವರೆಗಿನ ದೂರ 5 ಮಿ.ಮೀ. ಅಥವಾ ಕಡಿಮೆ ಇದ್ದಾಗ ಆ ಮುಕ್ಕೋನ ಸಂದನ್ನು ಬಹುತೇಕ ಯಾವಾಗಲೂ ಪೂರ್ತಿ ತುಂಬಿತ್ತು. ದೂರ 6 ಮಿ.ಮೀ. ಆದಾಗ ಶೇ. 56ರಷ್ಟು ಸಂದುಗಳಲ್ಲಿ ಮಾತ್ರ, 7 ಮಿ.ಮೀ. ಆದಾಗ ಶೇ. 27ರಷ್ಟರಲ್ಲಿ ಮಾತ್ರ. ಉಳಿದೆಡೆ ಕಪ್ಪು ಸಂದು. ಮೂಳೆ ಒಂದೇ ಒಂದು ಮಿಲಿಮೀಟರ್ ಕರಗಿದರೆ ನಗುವಿನ ಚೆಲುವು ಎಷ್ಟು ಬದಲಾಗುತ್ತದೆ ನೋಡಿ. ಸೌಂದರ್ಯವೇ ಮುಖ್ಯ ಎನ್ನುವವರೂ ಅದಕ್ಕಾಗಿಯಾದರೂ ಮೂಳೆಯನ್ನು ಕಾಯಬೇಕಲ್ಲವೆ? ಪಿಂಗಾಣಿಯನ್ನು ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಕಳೆದುಹೋದ ಆ ಮುಕ್ಕೋನವನ್ನು ಮತ್ತೆ ಬೆಳೆಸುವುದು ಇಂದಿಗೂ ವಸಡಿನ ಶಸ್ತ್ರಚಿಕಿತ್ಸಕರಿಗೆ ಕಷ್ಟದ ಕೆಲಸ.

ಬಿಳುಪು ಮಾಡಿಸುವುದಕ್ಕೂ, ತಂತಿ ಕಟ್ಟಿಸುವುದಕ್ಕೂ ಇದೇ ಮಾತು. ವಸಡು ಸರಿದು ಬೇರು ಬಯಲಾಗಿರುವ ಕಡೆ ಪೆರಾಕ್ಸೈಡ್ ತಾಗಿದರೆ ಜುಮ್ಮೆನ್ನುತ್ತದೆ, ಬೇರಿನ ಬಣ್ಣವೂ ಎನಾಮಲಿನಷ್ಟು ತಿಳಿಯಾಗುವುದಿಲ್ಲ. ಉರಿಯೂತ ಹಾಗೇ ಇರುವಾಗ ತಂತಿಯ ಬಲದಿಂದ ಹಲ್ಲನ್ನು ಸರಿಸಿದರೆ ಮೂಳೆ ಇನ್ನಷ್ಟು ಬೇಗ ಕರಗುತ್ತದೆ.

ಇಷ್ಟು ಓದಿ, ಹಲ್ಲಿನ ಅಲಂಕಾರವೇ ಬೇಡದ ಶೋಕಿ ಎಂದು ನಾನು ಹೇಳುತ್ತಿದ್ದೇನೆಂದು ಭಾವಿಸಬೇಡಿ. ಪಾವಗಡದ ಕಡೆಯವರಿಗೆ, ಕೋಲಾರ, ಚಿಕ್ಕಬಳ್ಳಾಪುರ, ಗದಗ, ರಾಯಚೂರು ಜಿಲ್ಲೆಗಳ ಹಲವು ಊರುಗಳವರಿಗೆ ಈ ಮಾತು ಹೇಳುವ ಧೈರ್ಯ ಯಾರಿಗಿದೆ? ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ಕೊಳವೆಬಾವಿ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ ಕಾಣಿಸಿಕೊಳ್ಳುತ್ತದೆ. ಕೈ ಅಡ್ಡ ಹಿಡಿದು ನಗುವ ಹುಡುಗಿಯರನ್ನು ಅಲ್ಲಿ ಪಾಠ ಮಾಡಿದ ಶಿಕ್ಷಕರೆಲ್ಲ ಬಲ್ಲರು. ಅವರಿಗೆ ವೆನೀರ್ ಶೋಕಿಯಲ್ಲ. ಆದರೆ ಇಲ್ಲೇ ಒಂದು ತೊಡಕಿದೆ. ಕಲೆ ಹೋಗಲೆಂದು ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು ಹಾಕಿ ವರ್ಷಗಟ್ಟಲೆ ತಿಕ್ಕಿದವರೂ ಇವರಲ್ಲೇ ಹೆಚ್ಚು. ಕಲೆ ಎನಾಮಲಿನ ಒಳಗಿರುವುದರಿಂದ ತಿಕ್ಕಿದರೆ ಹೋಗದು. ಕತ್ತಿನ ಬಳಿ ಹಲ್ಲು ಸವೆಯುತ್ತದೆ, ವಸಡು ಸರಿಯುತ್ತದೆ, ಕೆಳಗಿನ ಹಳದಿ ಬೇರು ಕಾಣಿಸಿ ಹಲ್ಲು ಇನ್ನೂ ಹಳದಿ ಎನಿಸುತ್ತದೆ. ಮತ್ತೆ ಜೋರಾಗಿ ತಿಕ್ಕುತ್ತಾರೆ. ಇಂತಹವರ ಬಾಯಲ್ಲಿ ವಸಡಿನ ಲೆಕ್ಕ ತೆಗೆಯದೆ ಹೊದಿಕೆ ಕೂರಿಸುವುದು ಅವರ ಹಣಕ್ಕೂ ಎನಾಮಲಿಗೂ ಮಾಡುವ ಅನ್ಯಾಯ. ಸಾಮಾನ್ಯವಾಗಿ ವೆನೀರಿಗಾಗಿ ಅರ್ಧ ಮಿ.ಮೀ.ನಷ್ಟು ಎನಾಮಲನ್ನು ಉಜ್ಜಿ ತೆಗೆಯುತ್ತಾರೆ. ಎನಾಮಲ್ ತಯಾರಿಸುವ ಕೋಶಗಳು ಹಲ್ಲು ಮೂಡುವ ಹೊತ್ತಿಗೇ ಇಲ್ಲವಾಗುವುದರಿಂದ, ತೆಗೆದದ್ದು ಮತ್ತೆ ಬೆಳೆಯದು.

ದಂತವೈದ್ಯರ ಕಡೆಯ ಮಾತನ್ನೂ ಕೇಳಬೇಕು. ಅವರಲ್ಲಿ ಅನೇಕರು ಮೊದಲು ಪಾಚಿ ತೆಗೆಸಿಕೊಳ್ಳಿ, ನಾಲ್ಕಾರು ವಾರ ಬಿಟ್ಟು ಮತ್ತೆ ಅಳೆದು ನೋಡೋಣ ಎಂದೇ ಹೇಳುತ್ತಾರೆ. ಹಾಗೆ ಹೇಳಿದವರನ್ನು ಬಿಟ್ಟು, ನಾಳೆಯೇ ಮಾಡಿಕೊಡುತ್ತೇನೆ ಎನ್ನುವವರಲ್ಲಿಗೆ ಹೋಗುವವರು ನಾವೇ. ಜೊತೆಗೆ, ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಇದಕ್ಕೆ ಕಾರಣವಿಲ್ಲದಿಲ್ಲ. ಮೂಳೆ ಕರಗಿ ಮೊದಲೇ ಸಡಿಲವಾಗಿದ್ದ ಹಲ್ಲುಗಳನ್ನು ಪಾಚಿಯ ಗಡ್ಡೆ ಒಂದಕ್ಕೊಂದು ಬೆಸೆದು ಹಿಡಿದಿರುತ್ತದೆ, ಸಂದುಗಳನ್ನು ತುಂಬಿರುತ್ತದೆ. ಅದನ್ನು ತೆಗೆದಾಗ ಹಳೆಯ ಸತ್ಯ ಬಯಲಾಗುತ್ತದೆ, ದೂರು ಮಾತ್ರ ತೆಗೆದವರ ಮೇಲೆ ಬರುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಇನ್ನೊಂದು ಮೋಸವಿದೆ: ವಸಡಿನಿಂದ ರಕ್ತ ಬರುವುದು ಕಡಿಮೆಯಾಗಿ, ರೋಗ ಒಳಗೇ ಬೆಳೆಯುತ್ತಿದ್ದರೂ ಎಲ್ಲವೂ ಸರಿಯಿದೆ ಎನಿಸುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ವಸಡಿನ ರೋಗ ಬೇಗ ಉಲ್ಬಣಿಸುತ್ತದೆ, ವಸಡಿನ ರೋಗದಿಂದ ಸಕ್ಕರೆಯ ಹತೋಟಿಯೂ ತಪ್ಪುತ್ತದೆ.

ಮುಂದಿನ ಸಲ ಅಂತಹ ಜಾಹೀರಾತು ಕಣ್ಣಿಗೆ ಬಿದ್ದರೆ ಕತ್ತರಿಸಿ ತರಗತಿಗೆ ಒಯ್ಯಿರಿ. ಭೂತಗನ್ನಡಿ ಹಿಡಿದು ಹಲ್ಲನ್ನಲ್ಲ, ವಸಡಿನ ಅಂಚನ್ನು ನೋಡಲು ಮಕ್ಕಳಿಗೆ ಹೇಳಿ. ಅದು ಚೂರಿಯ ಅಲಗಿನಂತೆ ತೆಳುವಾಗಿ ಹಲ್ಲಿಗೆ ಒತ್ತಿಕೊಂಡಿದೆಯೋ, ದುಂಡಗೆ ಉಬ್ಬಿ ಹೊಳೆಯುತ್ತಿದೆಯೋ? ಹಲ್ಲುಗಳ ನಡುವಿನ ಮುಕ್ಕೋನ ಚೂಪಾಗಿದೆಯೋ, ಮೊಂಡಾಗಿದೆಯೋ? ‘ನಂತರ’ ಎಂದರೆ ಎಷ್ಟು ದಿನದ ನಂತರ ಎಂದು ಎಲ್ಲಾದರೂ ಬರೆದಿದೆಯೇ? ಬಣ್ಣದ ಮುದ್ರಣವನ್ನೂ ಕಂಪ್ಯೂಟರಿನ ಕೈಚಳಕವನ್ನೂ ನಂಬುವಂತಿಲ್ಲ ಎಂಬುದನ್ನೂ ಅವರೇ ಕಂಡುಕೊಳ್ಳಲಿ. ಆಮೇಲೆ ಹಲ್ಲಿನ ಸೀಳುನೋಟ ಬರೆಸುವಾಗ ಸಿಮೆಂಟಮ್, ತಂತುಪದರ, ಮೂಳೆ ಮೂರಕ್ಕೂ ಬಾಣ ಹಾಕಿಸಿ.

ನನ್ನ ಸೋದರ ಸೊಸೆಯ ಆರು ಹೊದಿಕೆಗಳಲ್ಲಿ ಎರಡನ್ನು ತೆಗೆಯಬೇಕಾಯಿತು. ಅಂಚನ್ನು ಸರಿಪಡಿಸಿ, ವಸಡಿಗೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ, ನಾಲ್ಕು ತಿಂಗಳು ತಾತ್ಕಾಲಿಕ ಹೊದಿಕೆಯಲ್ಲಿಟ್ಟು ಕಾದರು. ಮೊದಲ ಭೇಟಿಯ ಕಾರ್ಡಿನಲ್ಲಿ ಆ ಎರಡು ಹಲ್ಲುಗಳ ನಡುವೆ 6 ಎಂದು ಬರೆದು ಪಕ್ಕದಲ್ಲಿ ಕೆಂಪು ಚುಕ್ಕೆ ಇಟ್ಟಿದ್ದರು. ಕಳೆದ ಭೇಟಿಯಲ್ಲಿ ಅಲ್ಲಿ 3 ಎಂದಿದೆ, ಚುಕ್ಕೆ ಇಲ್ಲ. ಹೊಸ ಹೊದಿಕೆಯ ಅಳತೆ ತೆಗೆದುಕೊಂಡದ್ದು ಅದಾದ ಮೇಲೆ.